ಕಡೆಗೆ ಉಳಿದ ಮೊದಲ ಪತ್ರಿಕೆ

ಏಪ್ರಿಲ್ ಮೊದಲ ವಾರದ ಶನಿವಾರ ಬೆಳಿಗ್ಗೆ ಆರೂಮುಕ್ಕಾಲಿಗೆ ನಿಪ್ಪಾಣಿ ಬಸ್‌ಸ್ಟ್ಯಾಂಡಿನಲ್ಲಿ ಚಿಕ್ಕೋಡಿ ಬಸ್ಸು ಹತ್ತಿದೆ. ಹೆಗಲಿಗೆ ಒಂದು ಬ್ಯಾಗು. ಅದರಲ್ಲಿ ಒಂದು ಜೊತೆ ಬಟ್ಟೆ, ನೀರಿನ ಬಾಟಲಿ, ಅವ್ವ ಕಟ್ಟಿಕೊಟ್ಟ ರೊಟ್ಟಿ ಮತ್ತು ಶೇಂಗಾ ಚಟ್ನಿ, ಕುಂಕುಮದ ಸಣ್ಣ ಡಬ್ಬಿ, ನಾಲ್ಕು ಲಗ್ನಪತ್ರಿಕೆ. ತಂಗಿ ಪಲ್ಲವಿಯ ಮದುವೆಗೆ ಹದಿನಾರು ದಿನ ಉಳಿದಿದ್ದವು. ಹೋಗಬೇಕಾದ ಊರುಗಳು ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ.

ಈ ಪ್ರಯಾಣ ನನ್ನ ಮೇಲೆ ಬೀಳುವಂತೆ ಮಾಡಿಕೊಂಡವಳು ನಾನೇ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮ ಮನೆತನದಲ್ಲಿ ಡಿಗ್ರಿ ಕಂಡವಳು ನಾನೇ ಮೊದಲು. ಅಪ್ಪ ತಂಬಾಕಿನ ಗೋದಾಮಿನಲ್ಲಿ ಹಮಾಲಿ ಮಾಡುತ್ತಲೇ ತೀರಿಕೊಂಡ. ಅವ್ವ ಬೀಡಿ ಕಟ್ಟಿ ನಮ್ಮಿಬ್ಬರನ್ನು ಬೆಳೆಸಿದಳು. ನಾನು ಬಿ.ಎ., ಎಂ.ಎ., ಬಿ.ಇಡಿ. ಮುಗಿಸಿ ಈಗ ಪದವಿಪೂರ್ವ ಕಾಲೇಜಿನಲ್ಲಿ ಭೂಗೋಳ ಕಲಿಸುತ್ತೇನೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಯಾರೂ ಪುಕ್ಕಟೆ ಕೊಟ್ಟದ್ದಲ್ಲ. ತಂಗಿಯ ಮದುವೆಯ ಓಡಾಟ ನನ್ನ ಮೇಲೆ ಬಿದ್ದಾಗ ಅದನ್ನೂ ಓದಿದವರ ರೀತಿಯಲ್ಲಿ ಮಾಡಲು ಹೋದೆ. ಪತ್ರಿಕೆ ಅಚ್ಚಾಗಿ ಬಂದ ಸಂಜೆಯೇ ಅದರ ಫೋಟೊ ತೆಗೆದು, ಕೆಳಗೆ ‘ಇದನ್ನೇ ಖುದ್ದು ಕರೆ ಎಂದು ತಿಳಿದು ಬರಬೇಕು’ ಎಂದು ಬರೆದು, ಮೊಬೈಲಿನಲ್ಲಿದ್ದ ಬಂಧುಬಳಗಕ್ಕೆಲ್ಲ ಕಳಿಸಿಬಿಟ್ಟೆ. ಹತ್ತು ನಿಮಿಷದ ಕೆಲಸ. ಹಾಗೆ ಕಳಿಸಿದವರಲ್ಲಿ ಕಾಗವಾಡದ ಅಪ್ಪಾಸಾಬ ಮಾಮಾನೂ ಇದ್ದ. ಅವನು ಅವ್ವನ ಅಣ್ಣ.

ನಮ್ಮ ಕಡೆ ದೇವರ ಮುಂದೆ ಒಂದು ಪತ್ರಿಕೆ ಇಟ್ಟ ಮೇಲೆ, ಜನರಲ್ಲಿ ಮೊದಲ ಪತ್ರಿಕೆ ಸೋದರಮಾವನಿಗೆ ಹೋಗುತ್ತದೆ. ಮನೆಗೆ ಹೋಗಿ, ಕೂತು, ನೀರು ಕುಡಿದು, ಪತ್ರಿಕೆಗೆ ಕುಂಕುಮ ಹಚ್ಚಿ ಕೈಗೆ ಕೊಟ್ಟು ಕರೆಯಬೇಕು. ಅಕ್ಷತೆ ಬೀಳುವಾಗ ಮದುಮಗಳ ಬೆನ್ನಿಗೆ ನಿಲ್ಲುವವನು ಅವನು. ಮೂರು ದಿನವಾದರೂ ಮಾಮಾನಿಂದ ಮಾತಿಲ್ಲದ್ದು ನೋಡಿ ಅವ್ವ ತಾನೇ ಫೋನು ಮಾಡಿದಳು. ಅವನು ಸಿಟ್ಟು ಮಾಡಲಿಲ್ಲ. “ಚಂದಂಗ ಮಾಡ್ರಿ ತಂಗಿ. ಆದರ ಬರತೀವಿ” ಅಂದನಂತೆ.

ಅವ್ವ ಫೋನು ಕೆಳಗಿಟ್ಟು ನನ್ನ ಕಡೆ ತಿರುಗಿದಳು. “‘ಆದರ’ ಅಂದ ನಮ್ಮಣ್ಣ. ಅಂದ್ರ, ಆಗದಿದ್ರ ಇಲ್ಲ. ಪರಮಂದಿ ಅನ್ನೂ ಮಾತದು. ಅಕ್ಷತಿ ಬೀಳೂ ಮುಂದ ಪೋರಿ ಬೆನ್ನಿಗಿ ಯಾರ ನಿಂದರಬೇಕು? ನಿನ್ನ ಮೊಬೈಲ್ ನಿಂದರಸೂಣೇನು?”

ಮೊಣಕಾಲು ನೋವಿನಿಂದ ಅವ್ವ ಬಸ್ಸು ಹತ್ತುವಂತಿರಲಿಲ್ಲ. ಹತ್ತುವಂತಿದ್ದರೂ ಈ ಸಲ ಹೋಗುತ್ತಿರಲಿಲ್ಲ ಅನ್ನಿಸುತ್ತದೆ. “ನೀ ಮಾಡಿದ್ದು, ನೀನ ಹೋಗಿ ಕರಿ. ಚಿಕ್ಕೋಡಿಗೆ ಇಳದು, ಅಂಕಲಿ ಮ್ಯಾಲಿಂದ ನೆಟ್ಟಗ ಕಾಗವಾಡಕ್ಕ ಹೋಗು. ಮೊದಲ ಅಂವಗ ಕೊಡು, ಆಮ್ಯಾಲ ಉಳದಾವ್ರಿಗಿ” ಅಂದಳು.

“ಅವ್ವಾ, ನಕ್ಷೆ ನನಗ ಕಲಸಬ್ಯಾಡ” ಅಂದೆ. ನಾನಾಗಲೇ ಒಂದು ಹಾಳೆಯ ಮೇಲೆ ದಾರಿ ಬರೆದಿದ್ದೆ. ಚಿಕ್ಕೋಡಿ, ರಾಯಬಾಗ, ಅಥಣಿ, ಕೊನೆಗೆ ಕಾಗವಾಡ. ಅಲ್ಲಿಂದ ಅಂಕಲಿ ಮೇಲೆ ವಾಪಸು. ಒಂದೇ ಸುತ್ತು, ಹೋದ ದಾರಿಯನ್ನು ಮತ್ತೆ ತುಳಿಯುವ ಕೆಲಸವಿಲ್ಲ.

ಚಿಕ್ಕೋಡಿ ಇಪ್ಪತ್ತೈದು ಕಿಲೋಮೀಟರಿನೊಳಗೆ. ಏಳೂವರೆಗೆ ಇಳಿದೆ. ಅಪ್ಪನ ತಮ್ಮನ ಹೆಂಡತಿ ಶಾಂತಾ ಕಾಕುವಿನ ಮನೆ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿದೆ. ರಾಯಬಾಗದ ಬಸ್ಸು ಎಂಟಕ್ಕೆ ಇತ್ತು. ಕಾಕು ಅಂಗಳಕ್ಕೆ ನೀರು ಹೊಡೆಯುತ್ತಿದ್ದವಳು ಕೊಡ ಇಟ್ಟು, “ಒಳಗ ಬಾರವಾ, ಹಾಲ ಈಗರ ಬಂದಾವು, ಚಾ ಇಡತೀನಿ” ಅಂದಳು.

“ಬ್ಯಾಡ ಕಾಕು, ಬಸ್ ಐತಿ.” ಹೊಸ್ತಿಲಲ್ಲೇ ನಿಂತು ಪತ್ರಿಕೆ ಕೊಟ್ಟೆ. ಕಾಕು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ತೆಗೆದುಕೊಂಡಳು, ಒಮ್ಮೆ ತಿರುವಿ ನೋಡಿದಳು.

“ಆಗಲಿ. ಸಾವಕಾಶ ಹೋಗು” ಅಂದಳು. ಅಷ್ಟೇ.

ಬಸ್ಸಿನಲ್ಲಿ ಕೂತ ಮೇಲೆ ಕುಂಕುಮದ ಡಬ್ಬಿ ತೆಗೆದೇ ಇರಲಿಲ್ಲ ಎಂಬುದು ನೆನಪಾಯಿತು. ಇರಲಿ, ಕಾಕು ಏನೂ ಅನ್ನಲಿಲ್ಲವಲ್ಲ ಅಂದುಕೊಂಡೆ.

ಬಸ್ಸು ನಾನು ಬಿ.ಎ. ಓದಿದ ಕಾಲೇಜಿನ ಮುಂದೆ ಹಾಯ್ದುಹೋಯಿತು. ನನ್ನನ್ನು ಅಲ್ಲಿ ಹೆಸರು ಹಚ್ಚಿಸಲು ಬಂದವನು ಮಾಮಾನೇ. ಕಾಗವಾಡದಿಂದ ನಸುಕಿನಲ್ಲೇ ಹೊರಟು ಬಂದಿದ್ದ. ಆಫೀಸಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಗುಮಾಸ್ತರ ಟೇಬಲ್ಲಿನ ಮುಂದೆ ಎರಡೂ ಕೈ ಮುಗಿದು, “ಸಾಹೇಬ್ರ, ನಮ್ಮ ಹುಡಿಗಿ ಓದತೈತ್ರಿ, ಒಂದೀಟ ನೋಡ್ರಿ” ಅಂದ. ಸಾಲಿನಲ್ಲಿದ್ದ ಹುಡುಗಿಯರು ನಕ್ಕರು. ಹೊರಗೆ ಬಂದ ಮೇಲೆ ನಾನು ಅವನ ಮೇಲೆ ಹರಿಹಾಯ್ದೆ. “ಯಾಕ ಕೈ ಮುಗಿದಿ ಮಾಮಾ? ಅದು ನಮ್ಮ ಹಕ್ಕು.”

“ಹಕ್ಕ ಐತಿ, ಖರೆ” ಅಂದ ಮಾಮಾ, ಚಪ್ಪಲಿ ಹಾಕಿಕೊಳ್ಳುತ್ತ. “ಆದ್ರ ಅಂವನೂ ಮನಷ್ಯಾ ಅದಾನಲ್ಲ. ಮುಂಜಾನಿಂದ ಎಷ್ಟ ಮಂದಿ ಬೈದ ಹೋಗ್ಯಾರೋ.”

ರಾಯಬಾಗದ ಬಸ್ಸು ತುಂಬಿತ್ತು. ಹೆಂಗಸರದು ಶೂನ್ಯ ದರದ ಟಿಕೆಟ್, ಆಧಾರ್ ಕಾರ್ಡು ತೋರಿಸಿದರೆ ಸಾಕು. ಕಂಬಿ ಹಿಡಿದು ನಿಂತ ಗಂಡಸೊಬ್ಬ ಎಲ್ಲರಿಗೂ ಕೇಳುವಂತೆ, “ಪುಕ್ಕಟ ಬಂದಾವ್ರು ಕುಂತಾರ, ರೊಕ್ಕಾ ಕೊಟ್ಟಾಂವ ನಿಂತಾನ” ಅಂದ. ನನ್ನ ನಾಲಿಗೆಯ ತುದಿಗೆ ಉತ್ತರ ಬಂದಿತ್ತು. ಅಷ್ಟರಲ್ಲಿ ಕಂಡಕ್ಟರು, “ಅಣ್ಣಾರ, ನಾ ಹನ್ನೆರಡ ವರ್ಷದಿಂದ ಪಗಾರ ತಗೊಂಡ ನಿಂತೇನಿ. ನೀವು ರಾಯಬಾಗ ಮಟಾ ನನಗ ಜೋಡಿ ಆಗ್ರಿ” ಅಂದ. ಬಸ್ಸೆಲ್ಲ ನಕ್ಕಿತು, ಆ ಗಂಡಸೂ ನಕ್ಕ. ಮುಂದಿನ ಸೀಟಿನ ಮುದುಕಿಗೆ ಕಂಡಕ್ಟರು, “ಯಮ್ಮಾ, ನಿಮ್ಮ ಟಿಕೀಟ್ ತಗೋರಿ” ಎಂದು ದುಡ್ಡು ಕೊಟ್ಟವರಿಗೆ ಕೊಟ್ಟ ಹಾಗೆಯೇ ಹರಿದು ಕೊಟ್ಟ. ಮುದುಕಿ ಅದನ್ನು ಮಡಿಸಿ ಎಲೆಯಡಿಕೆಯ ಚೀಲದಲ್ಲಿ ಜೋಪಾನವಾಗಿಟ್ಟಳು.

ರಾಯಬಾಗದಲ್ಲಿ ಬಿ.ಎ. ಗೆಳತಿ ರಝಿಯಾ ಬಳೆ ಅಂಗಡಿ ಇಟ್ಟಿದ್ದಾಳೆ. ಪತ್ರಿಕೆ ನೋಡಿ ಅವಳು ನಕ್ಕಳು. “ನನಗ ಮೊಬೈಲ್‌ನಾಗ ಕಳಿಸಿದ್ದ ಸಾಕಿತ್ತಲ್ಲೇ. ಇಷ್ಟ ಬಿಸಲಾಗ ಬಂದೀಯಲ್ಲ?” ಎಂದು ಸ್ಟೂಲು ಎಳೆದು ಕೂರಿಸಿದಳು. ಪಲ್ಲವಿಗೆಂದು ಎರಡು ಡಜನ್ ಹಸಿರು ಬಳೆ ಕಾಗದದಲ್ಲಿ ಸುತ್ತಿಕೊಟ್ಟಳು. ಆಮೇಲೆ ಕೇಳಿದಳು, “ನಿಮ್ಮ ಮಾಮಾಗ ಕೊಟ್ಟ ಬಂದಿಯಿಲ್ಲೋ?”

“ಕಡೀಕ ಅಲ್ಲಿಗೇ ಹೊಂಟೀನಿ.”

“ಕಡೀಕ?” ಅಂದಳು. ಗಿರಾಕಿ ಬಂದರು. ನಾನು ಎದ್ದೆ.

ಹನ್ನೊಂದರ ಅಥಣಿ ಬಸ್ಸು. ಬಿಸಿಲು ಏರಿತ್ತು, ಕಿಟಕಿಯ ಕಂಬಿ ಮುಟ್ಟುವಂತಿರಲಿಲ್ಲ. ಅವ್ವನ ರೊಟ್ಟಿಯನ್ನು ಬಸ್ಸಿನಲ್ಲೇ ತಿಂದೆ. ಕುಡಚಿ ದಾಟಿ ಕೃಷ್ಣೆಯ ಸೇತುವೆ ಬಂತು. ಹೊಳೆ ಇಳಿದು ನಡುವೆ ಬಂಡೆಗಳು ಎದ್ದಿದ್ದವು, ದಡಕ್ಕೆ ಎಮ್ಮೆಗಳು ಮುಳುಗಿ ಕೂತಿದ್ದವು. ಸೇತುವೆಯ ಆಚೆ ಎಡಕ್ಕೆ ಹೋದರೆ ಕಾಗವಾಡ. ನಮ್ಮ ಬಸ್ಸು ಬಲಕ್ಕೆ ಹೊರಳಿತು. ನಾನು ಹಾಳೆ ತೆಗೆದು ನೋಡಿಕೊಂಡೆ. ಎಲ್ಲ ಬರೆದ ಪ್ರಕಾರವೇ ನಡೆದಿತ್ತು.

ಅಥಣಿಯಲ್ಲಿ ಅಪ್ಪನ ಅಕ್ಕ ಚಂದ್ರವ್ವ ಅತ್ತಿ ಇದ್ದಾಳೆ. ಚಪ್ಪಲಿ ಹೊಲಿಯುವವರ ಓಣಿ ದಾಟಿದ ಮೇಲೆ ಅವಳ ಮನೆ. ತೊಗಲಿನ ವಾಸನೆ ಅವಳ ಬಾಗಿಲ ತನಕ ಬರುತ್ತದೆ. ಎಪ್ಪತ್ತು ದಾಟಿದ ಹೆಂಗಸು, ಶಾಲೆಯ ಮುಖ ಕಂಡವಳಲ್ಲ. ಕಾಲಿಗೆ ನೀರು ಕೊಟ್ಟಳು, ಬೆಲ್ಲ ಕೊಟ್ಟಳು, ಫ್ಯಾನಿನ ಕೆಳಗೆ ಚಾಪೆ ಹಾಸಿದಳು. ಈ ಸಲ ನಾನು ಮರೆಯಲಿಲ್ಲ. ಪತ್ರಿಕೆಯ ನಾಲ್ಕು ಮೂಲೆಗೂ ಕುಂಕುಮ ಹಚ್ಚಿ, ಎರಡೂ ಕೈಯಲ್ಲಿ ಮುಂದೆ ಹಿಡಿದೆ. ಅತ್ತಿ ಕೈ ಚಾಚಿದವಳು ಕೇಳಿದಳು:

“ಅಪ್ಪಾಸಾಬಗ ಕೊಟ್ಟ ಬಂದಿ?”

“ಇಲ್ಲ ಅತ್ತಿ. ಇಲ್ಲಿಂದ ಈಗ ಅಲ್ಲಿಗೇ ಹೊಂಟೀನಿ.”

ಚಾಚಿದ ಕೈ ಹಿಂದಕ್ಕೆ ಹೋಯಿತು. “ಹಂಗಾರ ಇದನ್ನ ಚೀಲದಾಗ ಇಡು.”

“ಅತ್ತಿ, ಇಷ್ಟ ದೂರ ಬಂದೀನಿ…”

“ಬಂದೀಯಲ್ಲ, ಊಟಾ ಮಾಡು. ಪತ್ರಿಕಿ ಬ್ಯಾಡ. ನಾ ನಿಮ್ಮಪ್ಪನ ಕಡ್ಯಾಕಿ. ನಿಮ್ಮವ್ವನ ತವರಿಗಿ ಹೋಗೂಕಿಂತ ಮೊದಲ ನನ್ನ ಕೈಯಾಗ ಇದ ಬಂದ್ರ, ಲಗ್ನದಾಗ ಅಂವನ ಮಾರಿ ಹೆಂಗ ನೋಡ್ಲಿ ನಾ?”

“ಯಾರಿಗೆ ಗೊತ್ತಾಗತೈತಿ ಅತ್ತಿ?”

“ನನಗ ಗೊತ್ತಾಗತೈತಲ್ಲ!” ಅಂದಳು. “ಏನ ಕಲಸ್ತೀಯವಾ ನೀ ಕಾಲೇಜಿನ್ಯಾಗ? ಬಸ್ ಯಾವ ಊರಿಂದ ಯಾವ ಊರಿಗೆ ಹೋಗತಾವು ಅಂತೇನು?”

ಅವಳು ಬಡಿಸಿದ ಬದನೆಕಾಯಿ ಪಲ್ಯ ನನಗೆ ರುಚಿಸಲಿಲ್ಲ. ಕುಂಕುಮ ಹಚ್ಚಿದ ಪತ್ರಿಕೆಯನ್ನು ವಾಪಸು ಬ್ಯಾಗಿನಲ್ಲಿಟ್ಟುಕೊಂಡು ಹೊರಡುವಾಗ ಕಣ್ಣು ಉರಿಯುತ್ತಿದ್ದವು. ಒಂದು ಕಾಗದದ ತುಂಡಿಗೆ ಇಷ್ಟು ಬಿಗುವು ಯಾಕೆ ಎಂದು ಬಸ್‌ಸ್ಟ್ಯಾಂಡಿನ ತನಕ ಬಯ್ದುಕೊಂಡೇ ನಡೆದೆ.

ಕಾಗವಾಡದ ಬಸ್ಸು ಮೂರಕ್ಕೆ ಬಿಟ್ಟಿತು. ರಸ್ತೆಯ ಬದಿಗೆ ದ್ರಾಕ್ಷಿ ಒಣಗಿಸುವ ಶೆಡ್ಡುಗಳು ಕಾಣುತ್ತಿದ್ದವು. ಹಸಿರು ಪರದೆಯ ಒಳಗೆ ಹಂತ ಹಂತವಾಗಿ ಬಲೆ, ಬಲೆಯ ಮೇಲೆ ಹಣ್ಣು, ಕೆಳಗೆ ಕೂತು ಕಾಯಿ ಆರಿಸುವ ಹೆಂಗಸರು. ಒಂದು ಗಂಟೆಯ ದಾರಿಯಲ್ಲಿ ನನ್ನ ಸಿಟ್ಟು ಇಳಿಯಿತು. ಇಳಿದ ಜಾಗದಲ್ಲಿ ಹೆದರಿಕೆ ಕೂತಿತು. ಅತ್ತಿಯ ಮುಂದೆ ನಾನು ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಮಾಮಾನಿಗೆ ಏನು ಹೇಳಲಿ?

ಮಾಮಾನ ಮನೆ ಊರ ಹೊರಗಿನ ಎರಡೆಕರೆ ಕಬ್ಬಿನ ಹೊಲದಲ್ಲೇ ಇದೆ. ಅಂಗಳದ ಬೇವಿನ ಕೆಳಗೆ ಹಗ್ಗ ಹೊಸೆಯುತ್ತ ಕೂತಿದ್ದ. ಚಿಕ್ಕವಳಿದ್ದಾಗ ನನ್ನನ್ನು ಕಂಡರೆ “ಬಂತ ನೋಡ ಮಂಗ್ಯಾ” ಅನ್ನುತ್ತಿದ್ದ, ಹೋದ ವರ್ಷದ ತನಕವೂ ಅದನ್ನೇ ಅಂದಿದ್ದ. ಈಗ ಎದ್ದು ನಿಂತ.

“ಬರ್ರಿ ಅಕ್ಕೋರ, ಬರ್ರಿ” ಅಂದ. ಶಾಲೆಯ ಟೀಚರನ್ನು ಕರೆಯುವ ಹಾಗೆ. ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿ ತಂದ, ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿ ಇಟ್ಟ. ನಾನು ಆ ಮನೆಯಲ್ಲಿ ಎಂದೂ ಕುರ್ಚಿಯ ಮೇಲೆ ಕೂತಿರಲಿಲ್ಲ. ಮಾಮಿ ತಟ್ಟೆಯಲ್ಲಿ ಗ್ಲಾಸಿಟ್ಟು ನೀರು ತಂದಳು. ಹೂವಿನ ಚಿತ್ರದ ಕಪ್ಪು-ಬಸಿಯಲ್ಲಿ ಚಹಾ ಬಂತು, ಇನ್ನೊಂದು ತಟ್ಟೆಯಲ್ಲಿ ನಾಲ್ಕು ಬಿಸ್ಕೀಟು. ಆ ಕಪ್ಪುಗಳು ಬ್ಯಾಂಕಿನವರು ಬಂದರೆ, ಬೀಗರು ಬಂದರೆ ಮಾತ್ರ ಕಪಾಟಿನಿಂದ ಇಳಿಯುತ್ತವೆ.

“ಪ್ರವಾಸ ಆರಾಮ ಆತಿಲ್ರಿ?” ಅಂದ ಮಾಮಾ.

ಪತ್ರಿಕೆ ತೆಗೆದೆ, ಕುಂಕುಮ ಹಚ್ಚಿದೆ, ಕೊಟ್ಟೆ. ಎರಡೂ ಕೈಯಿಂದ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡ. “ಭಾಳ ಚಲೋ ಆತ್ರಿ. ಆದರ ಬರತೀವಿ.”

ಮತ್ತೆ ಅದೇ ಮಾತು. ಪತ್ರಿಕೆ ಪಕ್ಕಕ್ಕಿಟ್ಟು ಹಗ್ಗದ ಮುಂದೆ ಕೂತ. ನಾನು ಎದ್ದು ಕಪ್ಪು ತೊಳೆಯಲು ಹೋದರೆ ಮಾಮಿ ಅಡ್ಡ ಬಂದು, “ಇಡ್ರಿ ಇಡ್ರಿ, ನೀವ್ಯಾಕ್ರಿ” ಎಂದು ಕೈಯಿಂದ ಕಸಿದುಕೊಂಡಳು. ಹಿಂದಿರುಗಿ ನೋಡಿದರೆ ಕುರ್ಚಿ ನನಗಾಗಿ ಕಾದಿತ್ತು. ಬೈದಿದ್ದರೆ ತಿರುಗಿ ಏನಾದರೂ ಹೇಳಬಹುದಿತ್ತು.

ನಾನು ಕುರ್ಚಿ ಬಿಟ್ಟು ಅವನ ಹಗ್ಗದ ಪಕ್ಕ ನೆಲಕ್ಕೆ ಕೂತೆ. “ಮಾಮಾ, ತಪ್ಪ ಮಾಡೇನಿ. ಫೋನ್ನ್ಯಾಗ ಕರದೆ. ಅವ್ವ ಮೊದಲ ನಿನಗ ಕೊಡು ಅಂದಿದ್ಲು, ಅದನೂ ಕೇಳಲಿಲ್ಲ. ಬಸ್ಸಿನ ಅನುಕೂಲ ನೋಡಿ ಊರೆಲ್ಲಾ ತಿರಗಿ ಕಡೀಕ ಬಂದೀನಿ.”

ಅಷ್ಟು ಹೇಳದಿದ್ದರೂ ನಡೆಯುತ್ತಿತ್ತು, ಅವನಿಗೆ ಅದು ಗೊತ್ತಿರಲಿಲ್ಲ. ಮಾಮಾನ ಕೈಯಲ್ಲಿದ್ದ ಹಗ್ಗ ನಿಂತಿತು.

“ಯಾರ್ಯಾರಿಗೆ ಕೊಟ್ಟಿ?”

“ಚಿಕ್ಕೋಡಿ ಶಾಂತಾ ಕಾಕುಗ. ರಾಯಬಾಗದಾಗ ಗೆಳತಿಗಿ. ಅಥಣಿ ಅತ್ತಿ ತಗೋಲಿಲ್ಲ.”

“ಯಾಕ?”

“ಅಪ್ಪಾಸಾಬಗ ಕೊಡೂಕಿಂತ ಮೊದಲ ನಾ ತಗೊಂಡ್ರ ಅಂವನ ಮಾರಿ ಹೆಂಗ ನೋಡ್ಲಿ ಅಂದ್ಲು. ಹೊಳ್ಳಿ ಚೀಲದಾಗ ಇಡಸಿದ್ಲು.” ಕುಂಕುಮ ಹಚ್ಚಿದ ಆ ಪತ್ರಿಕೆಯನ್ನೂ ತೆಗೆದು ತೋರಿಸಿದೆ.

ಮಾಮಾ ಅದನ್ನು ಕೈಗೆ ತೆಗೆದುಕೊಂಡು ಮೂಲೆ ಮೂಲೆ ನೋಡಿದ. ಹಚ್ಚಿದ ಕುಂಕುಮ ಚೀಲದಲ್ಲಿ ತಿಕ್ಕಿ ಅರ್ಧ ಅಳಿಸಿತ್ತು. “ಹೊಳ್ಳಿಸಿ ಕಳಿಸಿದ್ಲಾ?” ಅಂದ. ಒಳಗೆ ನೋಡಿ ಕೂಗಿದ, “ಏ ಇಕಿ, ಕೇಳಿದೇನ? ಅಥಣಿ ಚಂದ್ರವ್ವ ಪತ್ರಿಕಿ ಹೊಳ್ಳಿಸ್ಯಾಳಂತ, ನನ್ನ ಸಲವಾಗಿ! ಇಪ್ಪತ್ತ ವರ್ಷ ಆತು ಆ ಮುದುಕಿಗೂ ನನಗೂ ನಾಕ ಮಾತ ಇಲ್ಲ!”

“ಶಾಣ್ಯಾಕಿ ಬಿಡ್ರಿ ಆಕಿ” ಅಂದಳು ಮಾಮಿ ಒಳಗಿನಿಂದ.

“ಶಾಣ್ಯಾಕಿ. ನಮ್ಮ ಮಂಗ್ಯಾ ಎಂಎ ಮಾಡೇತಿ, ಇದಕ್ಕ ತಿಳೀಲಿಲ್ಲ.” ತನಗೆ ಕೊಟ್ಟ ಪತ್ರಿಕೆಯನ್ನು ನನ್ನ ಮಡಿಲಿಗೆ ಎಸೆದ. “ಓದು. ನನ್ನ ಕನ್ನಡಕ ಒಡದೈತಿ.”

ಓದಿದೆ. ದೇವರ ಹೆಸರು, ವರನ ಹೆಸರು, ಮುಹೂರ್ತ, ಕೊನೆಗೆ ಸೋದರಮಾವ ಅಂತ ಅವನ ಹೆಸರು. ಅದನ್ನು ಎರಡು ಸಲ ಓದಿಸಿದ.

“ಹನ್ನೆರಡು ಮೂವತ್ತೈದಕ್ಕ ಅಕ್ಷತಿ. ಹೊಲದ ನೀರಿನ ಪಾಳಿ ಬದಲಿಸಬೇಕಾತು. ಏ, ನನ್ನ ತಲಿಗಿ ಸುತ್ತೂ ಪಟಕಾ ಎಲ್ಲೈತಿ? ನಾಳೆ ಬಿಸಲಿಗಿ ಹಾಕು, ನುಸಿ ಹಿಡದಿರಬೇಕು.”

ಮಾಮಿ ಬಾಗಿಲಿಗೆ ಬಂದು ನನ್ನನ್ನು ನೋಡಿದಳು. “ಕುಂತ ಏನ ಮಾಡತಿ? ಎಮ್ಮಿ ಒದರಾಕತ್ತೈತಿ, ಬಕೀಟ್ ತಗೊಂಡ ನೀರ ಇಡು. ಆಮ್ಯಾಲ ಮೆಣಸಿನಕಾಯಿ ತೊಟ್ಟ ಬಿಡಸು.” ಹೋಗುತ್ತ ಕುರ್ಚಿಯನ್ನು ಒಳಗೆ ಎತ್ತಿಕೊಂಡು ಹೋದಳು.

ಎಮ್ಮೆಗೆ ನೀರಿಟ್ಟು ಅವ್ವನಿಗೆ ಫೋನು ಮಾಡಿದೆ. “‘ಆದರ’ ಅಂದನೇನು?” ಅದೇ ಅವಳ ಮೊದಲ ಮಾತು.

“ಮೊದಲ ಅಂದ. ಈಗ ಪಟಕಾ ಬಿಸಲಿಗಿ ಹಾಕಸಾಕತ್ತಾನ.”

ಅದಕ್ಕೆ ಅವ್ವ, “ಊಟಾ ಮಾಡಿದಿ?” ಅಂದಳು.

ಭಾನುವಾರ ಬೆಳಿಗ್ಗೆ ಅಂಕಲಿ ಬಸ್ಸಿಗೆ ಹೊರಟವಳನ್ನು ಮಾಮಾ ತಡೆದ. ಚಂದ್ರವ್ವನ ಪತ್ರಿಕೆ ಕೊಡದೆ ನಿಪ್ಪಾಣಿಗೆ ಹೋಗುವ ಮಾತೇ ಇಲ್ಲ, ತಾನೂ ಜೊತೆಗೆ ಬರುತ್ತೇನೆ ಅಂದ. ನನ್ನ ಹಾಳೆಯ ಸುತ್ತು ಅಲ್ಲಿಗೆ ಮುರಿಯಿತು. ಬಸ್ಸಿನಲ್ಲಿ ತನ್ನ ನಲವತ್ತೆರಡು ರೂಪಾಯಿಯ ಟಿಕೆಟ್ಟನ್ನೂ ನನ್ನ ಶೂನ್ಯದ ಟಿಕೆಟ್ಟನ್ನೂ ಪಕ್ಕಪಕ್ಕ ಹಿಡಿದು ನೋಡಿ, “ಮುಂದಿನ ಜನ್ಮಕ್ಕ ನಿನ್ನ ಸೀರಿ ನಾ ಉಡತೀನಿ” ಅಂದ.

ಅತ್ತಿ ಬಾಗಿಲು ತೆಗೆದವಳು ಅವನನ್ನು ಕಂಡು ಸೆರಗು ಸರಿ ಮಾಡಿಕೊಂಡಳು. ಹೊಸದಾಗಿ ಕುಂಕುಮ ಹಚ್ಚಿ ನಾನು ಕೊಟ್ಟ ಪತ್ರಿಕೆಯನ್ನು ಅತ್ತಿ ತೆಗೆದುಕೊಂಡಳು.

“ಬರಬೇಕ್ರಿ ಅಕ್ಕಾ” ಅಂದ ಮಾಮಾ.

“ನೀವ ಕರಿಯಾಕ ಬಂದ ಮ್ಯಾಲ ಬರದ ಇರತೀನೇನ್ರಿ ಅಣ್ಣಾ” ಅಂದಳು ಅತ್ತಿ. ನನಗೆ ಮಾತ್ರ, “ಇವತ್ತರ ಹೊಟ್ಟಿ ತುಂಬ ಉಣ್ಣು. ನಿನ್ನಿ ಪಲ್ಯ ಎಲ್ಲಾ ಎಲಿಯಾಗ ಬಿಟ್ಟ ಹೋಗೀದಿ” ಅಂದಳು.

ಮಾಮಾ ಅಥಣಿಯಿಂದಲೇ ಹಿಂದಕ್ಕೆ ಹೋದ. ನಾನು ಬಂದ ದಾರಿಯನ್ನೇ ಹಿಡಿದೆ. ಅದೇ ಸೇತುವೆ, ಅದೇ ಎಮ್ಮೆಗಳು. ರಾಯಬಾಗದಲ್ಲಿ ಬಸ್ಸು ಬದಲಿಸುವಾಗ ರಝಿಯಾಳ ಅಂಗಡಿ ಮುಚ್ಚಿತ್ತು. ಚಿಕ್ಕೋಡಿಗೆ ಬರುವಷ್ಟರಲ್ಲಿ ಸಂಜೆ ಐದೂಮುಕ್ಕಾಲು. ನಿಪ್ಪಾಣಿ ಬಸ್ಸು ನಿಂತಿತ್ತು, ಸೀಟೂ ಇದ್ದವು. ನಾನು ಅದನ್ನು ಹತ್ತದೆ ಹಿಂದಿನ ಓಣಿಗೆ ನಡೆದೆ.

ಶಾಂತಾ ಕಾಕು ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದಳು. “ಯಾಕವಾ, ಏನರ ಬಿಟ್ಟ ಹೋಗಿದ್ದೇನು?”

“ಚಾ ಬಿಟ್ಟ ಹೋಗಿದ್ದೆ ಕಾಕು.”

ಕಾಕು ಮೊರ ಕೆಳಗಿಟ್ಟು ಎದ್ದಳು. ನಾನು ಅವಳ ಹಿಂದೆಯೇ ಒಳಗೆ ಹೋದೆ. ನಿನ್ನೆ ಕೊಟ್ಟ ಪತ್ರಿಕೆ ಟಿವಿಯ ಮೇಲೆ ಇತ್ತು, ದೇವರ ಗೂಡಿನಲ್ಲಿ ಇರಲಿಲ್ಲ. ಅದನ್ನು ತೆಗೆದುಕೊಂಡು, ಡಬ್ಬಿ ಬಿಚ್ಚಿ ನಾಲ್ಕು ಮೂಲೆಗೂ ಕುಂಕುಮ ಹಚ್ಚಿದೆ. ಕಾಕು ಸ್ಟೋವಿನ ಮುಂದಿನಿಂದ ತಿರುಗಿ ನೋಡಿದಳು. ಕೈ ತೊಳೆದು, ಸೆರಗು ಹೊದ್ದು ಬಂದು ನಿಂತಳು.

“ಕಾಕು, ನಮ್ಮ ಪಲ್ಲವಿ ಲಗ್ನಕ್ಕ ಎಲ್ಲಾರೂ ಬರಬೇಕು.”

“ಬರತೀವಿ” ಅಂದಳು ಕಾಕು. ಪತ್ರಿಕೆಯನ್ನು ದೇವರ ಗೂಡಿನಲ್ಲಿಟ್ಟು ಚಹಾ ಸೋಸಲು ಕೂತಳು. ಹೊರಗೆ ನಿಪ್ಪಾಣಿ ಬಸ್ಸಿನ ಹಾರ್ನು ಕೇಳಿಸಿತು.

“ಬಸ್ ಹೊಂಟಿತು ನೋಡ.”

“ಹೋಗಲಿ ಕಾಕು” ಅಂದೆ. “ಮುಂದಿಂದು ಬರತೈತಿ.”